‘ಇದಿ?’ ಎನ್ನುವ ಮಗು: ಮೊದಲ ಪದಗಳನ್ನು ಎಣಿಸುವುದು ಹೇಗೆ

ಪ್ರಶ್ನೆ: ನನ್ನ ಮಗನಿಗೆ ಈಗ 17 ತಿಂಗಳು. ‘ಅಮ್ಮ’, ‘ಬಾ’, ‘ತಾ’ ಎಂಬ ಮೂರೇ ಮಾತು ಬರುತ್ತವೆ. ನಾಯಿ, ಬೆಕ್ಕು, ಹಸು ಎಲ್ಲವೂ ಅವನಿಗೆ ‘ಬೌ’. ಏನನ್ನು ಕಂಡರೂ ಬೆರಳು ತೋರಿಸಿ ‘ಇದಿ? ಇದಿ?’ ಎನ್ನುತ್ತಲೇ ಇರುತ್ತಾನೆ. ಕಳೆದ ತಿಂಗಳು ಒಂದೆರಡು ವಾರ ‘ಆಲು’ ಎಂದು ಹಾಲು ಕೇಳುತ್ತಿದ್ದ, ಈಗ ಅದನ್ನೂ ಬಿಟ್ಟಿದ್ದಾನೆ. ನಡೆಯಲು ಕಲಿತದ್ದೂ 15 ತಿಂಗಳು ತುಂಬಿದ ಮೇಲೆ. ನನ್ನ ನಾದಿನಿಯ ಮಗಳು ಇವನಿಗಿಂತ 20 ದಿನ ಚಿಕ್ಕವಳು, 30ಕ್ಕೂ ಹೆಚ್ಚು ಪದ ಹೇಳುತ್ತಾಳೆ. ನಾವು ಮನೆಯಲ್ಲಿ ಎರಡು ಭಾಷೆ ಮಾತನಾಡುತ್ತೇವೆ, ಊಟ ಮಾಡಿಸುವಾಗ ಮೊಬೈಲ್ ತೋರಿಸುತ್ತೇವೆ. ಗಂಡು ಮಕ್ಕಳು ತಡವಾಗಿ ಮಾತನಾಡುತ್ತಾರೆ, ಸುಮ್ಮನಿರು ಎಂದು ಅತ್ತೆಯವರು ಹೇಳುತ್ತಾರೆ. ಸುಮ್ಮನಿರಲು ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣಿಗೆ ಬಿದ್ದದ್ದು ‘ಮೂರೇ ಮಾತು’. ಎರಡನೆಯ ಸಲ ಕಣ್ಣು ನಿಂತದ್ದು ನೀವು ದೂರಿನ ದನಿಯಲ್ಲಿ ಬರೆದ ಇನ್ನೊಂದು ಸಾಲಿನ ಮೇಲೆ: ಏನನ್ನು ಕಂಡರೂ ಬೆರಳು ತೋರಿಸಿ ‘ಇದಿ?’ ಎನ್ನುತ್ತಾನೆ. ಸಣ್ಣ ಮಕ್ಕಳ ಮಾತು ಮತ್ತು ಶ್ರವಣದ ತಪಾಸಣೆ ನನ್ನ ವೃತ್ತಿ. ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು ಬಂದವರನ್ನು ನಾನು ಮೊದಲು ಕೇಳುವುದು ಮಗು ಬೆರಳು ತೋರಿಸುತ್ತದೆಯೇ ಎಂದು. ಪದಗಳ ಲೆಕ್ಕ ಆಮೇಲೆ. ಬೆರಳಿನ ಪ್ರಶ್ನೆಗೆ ‘ಹೌದು, ದಿನವಿಡೀ’ ಎಂಬ ಉತ್ತರ ಬಂದರೆ ನನ್ನ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ. ಉಳಿದರ್ಧಕ್ಕೆ ಏನು ಮಾಡಬೇಕು ಎಂಬುದನ್ನೂ ಹೇಳುತ್ತೇನೆ.

ಮೊದಲು ನಿಮ್ಮ ಲೆಕ್ಕವನ್ನು ಸ್ವಲ್ಪ ತಿದ್ದೋಣ. ಮಗುವಿನ ಪದ ದೊಡ್ಡವರ ಉಚ್ಚಾರಣೆಯಲ್ಲಿರಬೇಕಾಗಿಲ್ಲ. ದನಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಆಗಿರಬೇಕು, ಅದನ್ನು ಒಂದೇ ಅರ್ಥದಲ್ಲಿ ಬಳಸಬೇಕು, ಯಾರೂ ‘ಹೇಳು, ಹೇಳು’ ಎಂದು ಒತ್ತಾಯಿಸದೆ ತಾನಾಗಿ ಹೇಳಬೇಕು. ಇಷ್ಟಿದ್ದರೆ ನಾವು ಅದನ್ನು ಪದವೆಂದೇ ಬರೆದುಕೊಳ್ಳುತ್ತೇವೆ. ನೀರಿಗೆ ‘ನೀನೀ’ ಎಂದರೂ ಪದ, ಗಾಡಿಗೆ ‘ಡುರ್’ ಎಂದರೂ ಪದ, ಕೈಬೀಸುತ್ತಾ ‘ಟಾ’ ಎಂದರೂ ಪದ. ಹಾಗೆ ನೋಡಿದರೆ ನೀವೇ ಬರೆದ ‘ಬೌ’ ಮತ್ತು ‘ಇದಿ’ ಸೇರಿ ಅವನ ಲೆಕ್ಕ ಐದಕ್ಕೆ ಬಂದಿತು. ಇನ್ನೊಂದು ವಾರ ಕಿವಿಗೊಟ್ಟು ಕೇಳಿದರೆ ಇನ್ನೂ ಒಂದೆರಡು ಸಿಗಬಹುದು. ತಾಯಂದಿರು ಸಾಮಾನ್ಯವಾಗಿ ಕಡಿಮೆಯೇ ಎಣಿಸುತ್ತಾರೆ, ಏಕೆಂದರೆ ಮುದ್ದುಮಾತನ್ನು ಅವರು ಪದವೆಂದು ಒಪ್ಪುವುದಿಲ್ಲ. ಅಜ್ಜಂದಿರು ಹೆಚ್ಚು ಎಣಿಸುತ್ತಾರೆ, ಅದು ಬೇರೆ ಮಾತು. ನೀವು ಹೇಳಿದ್ದನ್ನು ಅವನು ಆ ಕ್ಷಣಕ್ಕೆ ಗಿಳಿಯಂತೆ ಮರುನುಡಿದದ್ದನ್ನು ಮಾತ್ರ ಎಣಿಸಬೇಡಿ. ‘ಅಮ್ಮ’ ಎಂಬುದರ ವಿಷಯದಲ್ಲೂ ಸ್ವಲ್ಪ ಬಿಗಿಯಾಗಿರಿ. ನಿಮ್ಮನ್ನೇ ನೋಡಿ, ನಿಮ್ಮನ್ನೇ ಹುಡುಕಿ ಹೇಳಿದರೆ ಅದು ಪದ. ಅಳುವಾಗ ಯಾರ ತೋಳಿನಲ್ಲಿದ್ದರೂ ಹೊರಡುವ ‘ಮ್ಮ ಮ್ಮ’ ಇನ್ನೂ ಪದವಾಗಿಲ್ಲ.

ಲೋಕದ ಎಷ್ಟೋ ಭಾಷೆಗಳಲ್ಲಿ ತಾಯಿ ತಂದೆಯರ ಹೆಸರಿಗೆ ಮ, ಪ, ಬ ಅಂಟಿಕೊಂಡಿರುವುದು ಏಕೆಂದು ನೀವೂ ಯೋಚಿಸಿರಬಹುದು. ಎರಡು ತುಟಿ ಮುಚ್ಚಿ ತೆರೆದರೆ ಸಾಕು, ಈ ದನಿಗಳು ಹುಟ್ಟುತ್ತವೆ. ನಾಲಿಗೆಗೆ ಹೆಚ್ಚು ಕೆಲಸವಿಲ್ಲ. ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ ಇದರ ಬಗ್ಗೆ ಬರೆಯುತ್ತಾ, ಹಾಲು ಕುಡಿಯುವಾಗ ಬಾಯಿ ತುಂಬಿರುವ ಮಗು ಮೂಗಿನಿಂದ ಹೊರಡಿಸುವ ಗುನುಗೇ ಮುಂದೆ ಹಾಲನ್ನೂ ಹಾಲು ಕೊಡುವವಳನ್ನೂ ಕೇಳುವ ದನಿಯಾಗುತ್ತದೆ ಎಂದು ಊಹಿಸಿದ್ದರು. ಚಾರ್ಲ್ಸ್ ಡಾರ್ವಿನ್ ತಮ್ಮ ಮೊದಲ ಮಗನ ಬೆಳವಣಿಗೆಯನ್ನು ದಿನಚರಿಯಲ್ಲಿ ಬರೆದಿಟ್ಟಿದ್ದರು, 1877ರಲ್ಲಿ ಅದನ್ನು ಪ್ರಕಟಿಸಿದರು. ಸರಿಯಾಗಿ ಒಂದು ವರ್ಷ ತುಂಬುವಾಗ ಆ ಮಗು ತಿನ್ನುವುದಕ್ಕೆಲ್ಲ ‘ಮಮ್’ ಎಂಬ ಪದ ಕಟ್ಟಿಕೊಂಡಿತಂತೆ. ನಮ್ಮ ‘ಮಮ್ಮು’ವಿಗೆ ಅದೆಷ್ಟು ಹತ್ತಿರ! ಆ ಪದದ ಕೊನೆಯಲ್ಲಿ ಮಗು ದನಿಯನ್ನು ಏರಿಸಿ ಪ್ರಶ್ನೆಯಂತೆ ಹೇಳುತ್ತಿತ್ತು ಎಂಬುದನ್ನೂ ಡಾರ್ವಿನ್ ಗಮನಿಸಿದ್ದರು. ನಿಮ್ಮ ಮಗನ ‘ಇದಿ?’ ಕೂಡ ಹಾಗೆಯೇ. ಹೊಸ ಪದಗಳನ್ನು ಸಂಪಾದಿಸಲು ಅವನಿಗೆ ಸಿಕ್ಕಿರುವ ಸಾಧನ ಅದು. ಅದನ್ನು ಹಿಡಿದುಕೊಂಡು ಅವನು ದಿನಕ್ಕೆ ನೂರು ಬಾಗಿಲು ತಟ್ಟುತ್ತಿದ್ದಾನೆ.

ಇನ್ನು ಆ ಬೆರಳು. ಬೇಕಾದ ವಸ್ತುವಿನ ಕಡೆಗೆ ತೋರಿಸುವುದು ಒಂದು ಬಗೆ: ಎತ್ತರದಲ್ಲಿರುವ ಚೆಂಡು ಬೇಕು, ಕೈಗೆ ಸಿಗುತ್ತಿಲ್ಲ, ತೆಗೆದುಕೊಡು. ಆಕಾಶದಲ್ಲಿ ಹಾರುವ ಹಕ್ಕಿಯ ಕಡೆಗೆ ತೋರಿಸಿ, ಕೂಡಲೇ ತಿರುಗಿ ನಿಮ್ಮ ಮುಖ ನೋಡುವುದು ಇನ್ನೊಂದು ಬಗೆ. ಅಲ್ಲಿ ಅವನಿಗೆ ಬೇಕಾದದ್ದು ಹಕ್ಕಿಯಲ್ಲ, ನೀವೂ ಅದನ್ನು ನೋಡಬೇಕು ಎಂಬುದಷ್ಟೇ. ತಾನು ಕಂಡದ್ದನ್ನು ಇನ್ನೊಬ್ಬರೂ ಕಾಣಬಹುದು ಎಂಬ ತಿಳಿವಳಿಕೆ ಇಲ್ಲದೆ ಹೀಗೆ ತೋರಿಸಲಾಗದು. ಮಾತು ಕಟ್ಟುವುದು ಆ ತಿಳಿವಳಿಕೆಯ ಮೇಲೆಯೇ. ಮೊದಲ ಬಗೆ ಸಾಮಾನ್ಯವಾಗಿ 15 ತಿಂಗಳ ಹೊತ್ತಿಗೆ, ಎರಡನೆಯದು 18 ತಿಂಗಳ ಹೊತ್ತಿಗೆ ಕಾಣಿಸಬೇಕು. ನಿಮ್ಮ ಪತ್ರದಲ್ಲಿ ಎರಡನೆಯದರ ಸುಳಿವಿದೆ, ಆದರೆ ಅವನು ತಿರುಗಿ ನಿಮ್ಮ ಮುಖ ನೋಡುತ್ತಾನೆಯೇ ಎಂಬುದನ್ನು ನೀವು ಬರೆದಿಲ್ಲ. ನಾಳೆ ಬೆಳಿಗ್ಗೆ ಅದೊಂದನ್ನು ಗಮನಿಸಿ.

ನಾಯಿ, ಬೆಕ್ಕು, ಹಸುಗಳೆಲ್ಲ ‘ಬೌ’ ಆಗಿರುವುದು ಗೊಂದಲದಿಂದಲ್ಲ. ನಾಲ್ಕು ಕಾಲು, ಬಾಲ, ಮೈಮೇಲೆ ಕೂದಲು, ತಾನಾಗಿ ಓಡಾಡುವುದು: ಇಷ್ಟನ್ನು ಒಟ್ಟು ಮಾಡಿ ಅವನು ಒಂದು ಗುಂಪು ಕಟ್ಟಿದ್ದಾನೆ, ಆ ಗುಂಪಿಗೆ ಕೈಯಲ್ಲಿದ್ದ ಒಂದೇ ಹೆಸರನ್ನು ಕೊಟ್ಟಿದ್ದಾನೆ. ಮೂರು ಚಿತ್ರ ಮುಂದಿಟ್ಟು ‘ಬೆಕ್ಕು ಎಲ್ಲಿ?’ ಎಂದು ಕೇಳಿದರೆ ಇಂಥ ಮಕ್ಕಳು ಎಷ್ಟೋ ಸಲ ಸರಿಯಾಗಿ ಬೆಕ್ಕನ್ನೇ ಮುಟ್ಟುತ್ತಾರೆ. ತಿಳಿದಿದೆ, ಹೇಳಲು ಪದವಿಲ್ಲ. ‘ಬೌ ಅಲ್ಲ ಕಣೋ’ ಎಂದು ತಿದ್ದುವ ಬದಲು ‘ಹೌದಲ್ಲ, ಬೆಕ್ಕು. ಮಿಯಾಂವ್ ಬೆಕ್ಕು’ ಎಂದು ಹೇಳಿ ಮುಂದೆ ಹೋಗಿ.

ಲೆಕ್ಕದ ಮಾತಿಗೆ ಬರುತ್ತೇನೆ, ಅದನ್ನು ಹೇಳದಿದ್ದರೆ ನಿಮಗೆ ನಿದ್ದೆ ಬರುವುದಿಲ್ಲ. ಮಕ್ಕಳ ಬೆಳವಣಿಗೆಯ ಮೈಲಿಗಲ್ಲುಗಳ ಪಟ್ಟಿಯನ್ನು ಅಮೆರಿಕದ ಸಿಡಿಸಿ ಎಂಬ ಆರೋಗ್ಯ ಸಂಸ್ಥೆ 2022ರಲ್ಲಿ ಪರಿಷ್ಕರಿಸಿತು. ಅದರ ಪ್ರಕಾರ 15 ತಿಂಗಳಿಗೆ ಅಮ್ಮ ಅಪ್ಪ ಬಿಟ್ಟು ಒಂದೆರಡು ಪದಗಳ ಪ್ರಯತ್ನ, 18 ತಿಂಗಳಿಗೆ ಮೂರು ಅಥವಾ ಹೆಚ್ಚು, ಎರಡು ವರ್ಷಕ್ಕೆ ಎರಡು ಪದ ಜೋಡಿಸುವುದು, ಎರಡೂವರೆ ವರ್ಷಕ್ಕೆ ಸುಮಾರು 50 ಪದ. ಈ ಪಟ್ಟಿಯನ್ನು ಓದುವ ಕ್ರಮವೊಂದಿದೆ. ಇದು ಸರಾಸರಿ ಮಗುವಿನ ಚಿತ್ರವಲ್ಲ, ನೂರರಲ್ಲಿ 75 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಆ ವಯಸ್ಸಿಗೆ ದಾಟಿರುವ ಹೊಸ್ತಿಲು. ಅದನ್ನು ದಾಟದ ಮಗುವನ್ನು ಕಾಯಿಸದೆ ನೋಡಬೇಕು ಎಂಬುದು ಅದರ ಉದ್ದೇಶ. ದಾಟಿದ ಮಾತ್ರಕ್ಕೆ ನಿಶ್ಚಿಂತೆ ಎಂದು ನಾನು ಹೇಳುವುದಿಲ್ಲ. ನಮ್ಮ ವೃತ್ತಿಯ ಅನೇಕರು ಈಗಲೂ ಎರಡು ವರ್ಷಕ್ಕೇ 50 ಪದ ಮತ್ತು ಎರಡು ಪದಗಳ ಜೋಡಣೆಯನ್ನು ನೋಡುತ್ತಾರೆ, ನಾನೂ ಆ ಗುಂಪಿನವಳೇ. ನಿಮ್ಮ ಮಗ 17 ತಿಂಗಳಿಗೆ ಅಮ್ಮನನ್ನು ಬಿಟ್ಟು ನಾಲ್ಕು ಪದ ಹೇಳುತ್ತಿದ್ದಾನೆ. ಹೊಸ್ತಿಲಿನ ಒಳಗಿದ್ದಾನೆ, ಆದರೆ ಹೊಸ್ತಿಲಿಗೆ ಹತ್ತಿರದಲ್ಲೇ ಇದ್ದಾನೆ. ಅದಕ್ಕೇ ಸುಮ್ಮನಿರಿ ಎಂದು ನಾನು ಹೇಳುತ್ತಿಲ್ಲ.

ನಾದಿನಿಯ ಮಗಳ ವಿಷಯ. ಈ ವಯಸ್ಸಿನಲ್ಲಿ ಮಕ್ಕಳ ನಡುವಿನ ಅಂತರ ನಂಬಲಾಗದಷ್ಟು ದೊಡ್ಡದು. ಒಂದೂವರೆ ವರ್ಷದ ಇಬ್ಬರು ಆರೋಗ್ಯವಂತ ಮಕ್ಕಳಲ್ಲಿ ಒಂದು ಐದಾರು ಪದ ಹೇಳುತ್ತಿರಬಹುದು, ಇನ್ನೊಂದು ನೂರು ದಾಟಿರಬಹುದು. ಎಷ್ಟೋ ಮಕ್ಕಳು ತಿಂಗಳುಗಟ್ಟಲೆ ಒಂದೊಂದೇ ಪದ ಕೂಡಿಸುತ್ತಾ ಇದ್ದು, ಆಮೇಲೆ ಒಮ್ಮೆಲೇ ವೇಗ ಹಿಡಿಯುತ್ತಾರೆ. ಕೆಲವರು ಕೊನೆಯವರೆಗೂ ನಿಧಾನವಾಗಿಯೇ ಏರುತ್ತಾರೆ. ಆ ಹುಡುಗಿ ನಿಮಗೆ ಅಳತೆಗೋಲಾಗಬೇಕಿಲ್ಲ. ನಿಮ್ಮ ಮಗನಿಗೆ ಅಳತೆ ಎಂದರೆ ಮೂರು ತಿಂಗಳ ಹಿಂದಿನ ಅವನೇ.

ನಡಿಗೆಯ ಬಗ್ಗೆ ಒಂದೇ ಮಾತು ಸಾಕು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸರೆಯಿಲ್ಲದೆ ನಡೆಯುವ ವಯಸ್ಸು 8.2 ತಿಂಗಳಿನಿಂದ 17.6 ತಿಂಗಳವರೆಗೆ ಹರಡಿತ್ತು. 15 ತಿಂಗಳಿಗೆ ತಪ್ಪುಹೆಜ್ಜೆ ಇಟ್ಟವನು ಅದರ ಒಳಗೇ ಇದ್ದಾನೆ. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲಿಡುವ ಹಂತವನ್ನೇ ಹಾರಿ ನಡೆದಿದ್ದರು.

‘ಆಲು’ ಹೋದದ್ದು ನಿಮ್ಮನ್ನು ಹೆಚ್ಚು ಕಾಡಿರಬೇಕು, ಅದು ನ್ಯಾಯವೇ. ಮೊದಲ ಹತ್ತಿಪ್ಪತ್ತು ಪದಗಳ ಕಾಲದಲ್ಲಿ ಒಂದು ಪದ ಬಂದು, ಎರಡು ವಾರ ಇದ್ದು, ಕಾಣೆಯಾಗುವುದು ಸಾಮಾನ್ಯ. ಮಗು ಆಗ ನಡೆಯಲು ಕಲಿಯುತ್ತಿರಬಹುದು, ಅಥವಾ ಪದಕ್ಕಿಂತ ಸುಲಭದ ದಾರಿ ಸಿಕ್ಕಿರಬಹುದು: ಲೋಟ ಎತ್ತಿ ತಂದು ಕೈಗೆ ಕೊಟ್ಟರೆ ಹಾಲು ಬರುತ್ತದೆ, ಇನ್ನು ‘ಆಲು’ ಏಕೆ? ಇದಕ್ಕೆ ಪೂರ್ತಿ ಬೇರೆಯಾದ ಇನ್ನೊಂದು ಬಗೆಯ ಮರೆವಿದೆ. ಹೇಳುತ್ತಿದ್ದ ಪದಗಳು ಒಂದೊಂದಾಗಿ ನಿಂತುಹೋಗುತ್ತವೆ, ಜೊತೆಗೆ ಬೆರಳು ತೋರಿಸುವುದು ನಿಲ್ಲುತ್ತದೆ, ಕೈಬೀಸುವುದು ನಿಲ್ಲುತ್ತದೆ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಕಣ್ಣಿಗೆ ಕಣ್ಣು ಕೊಡುವುದು ಕಡಿಮೆಯಾಗುತ್ತದೆ. ಹಾಗೆ ಕಲಿತದ್ದು ಕಳೆದುಹೋಗುತ್ತಿದೆ ಎನಿಸಿದರೆ, ಯಾವ ವಯಸ್ಸಿನಲ್ಲೇ ಆಗಲಿ, ಅದೇ ವಾರ ಮಕ್ಕಳ ವೈದ್ಯರ ಬಳಿ ಹೋಗಬೇಕು. ನಿಮ್ಮ ಪತ್ರದಲ್ಲಿ ಒಂದು ಪದ ಹೋಗಿದೆ, ಉಳಿದದ್ದೆಲ್ಲ ಇದೆ.

ಹೇಳುವುದಕ್ಕಿಂತ ಅರ್ಥಮಾಡಿಕೊಳ್ಳುವುದು ಯಾವಾಗಲೂ ತಿಂಗಳುಗಟ್ಟಲೆ ಮುಂದಿರುತ್ತದೆ. ಅದನ್ನು ಮನೆಯಲ್ಲೇ ನೋಡಬಹುದು, ಆದರೆ ಬಹಳ ಜನ ತಮಗೆ ತಿಳಿಯದೆಯೇ ಮಗುವಿಗೆ ಉತ್ತರ ಹೇಳಿಕೊಟ್ಟುಬಿಡುತ್ತಾರೆ. ‘ಚಪ್ಪಲಿ ತಾ’ ಎನ್ನುವಾಗ ನಮ್ಮ ಕೈ ಚಪ್ಪಲಿಯ ಕಡೆಗೆ ಚಾಚುತ್ತದೆ, ಕೈ ಬಿಗಿಹಿಡಿದರೂ ಕಣ್ಣು ಅಲ್ಲಿಗೆ ಹೋಗುತ್ತದೆ. ಮಗು ಕಣ್ಣನ್ನು ಹಿಂಬಾಲಿಸಿ ಚಪ್ಪಲಿ ತರುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಮಗುವಿನ ಮುಖವನ್ನೇ ನೋಡುತ್ತಾ, ಬೇರೆ ಬೇರೆ ದಿನ ಬೇರೆ ಬೇರೆ ವಸ್ತು ಕೇಳಿ. ಹೊರಗೆ ಹೊರಡುವ ಹೊತ್ತಿನಲ್ಲಿ ಚಪ್ಪಲಿ ಕೇಳಬೇಡಿ, ಸಂದರ್ಭವೇ ಉತ್ತರ ಹೇಳುತ್ತದೆ. ಇಂಥ ಒಂದು ಹೆಜ್ಜೆಯ ಮಾತನ್ನು ಸನ್ನೆಯಿಲ್ಲದೆ ಪಾಲಿಸುವುದು 18 ತಿಂಗಳ ಮೈಲಿಗಲ್ಲುಗಳಲ್ಲಿ ಒಂದು. ನನ್ನ ಮಟ್ಟಿಗೆ ಪದಗಳ ಸಂಖ್ಯೆಗಿಂತ ಇದಕ್ಕೇ ತೂಕ ಹೆಚ್ಚು.

ಕಿವಿಯ ವಿಷಯದಲ್ಲಿ ಮಾತ್ರ ನಾನು ಹಠಮಾರಿ. ಹುಟ್ಟಿದಾಗ ಮಾಡಿದ ಶ್ರವಣ ತಪಾಸಣೆ ಸರಿಯಿತ್ತು ಎಂದರೂ ಮಾತು ನಿಧಾನ ಎನಿಸಿದ ಪ್ರತಿ ಮಗುವಿನ ಕಿವಿಯನ್ನೂ ಮತ್ತೆ ಪರೀಕ್ಷಿಸಬೇಕು. ಶ್ರವಣದೋಷ ಆಮೇಲೂ ಬರಬಹುದು. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ನೀರು ತುಂಬಿ, ವಾರಗಟ್ಟಲೆ ಎಲ್ಲವೂ ಹತ್ತಿ ಇಟ್ಟಂತೆ ಕೇಳಿಸುತ್ತದೆ. ಮನೆಯಲ್ಲಿ ತಟ್ಟೆ ಬಡಿದು ನೋಡುವುದು ಪರೀಕ್ಷೆಯಲ್ಲ. ಮಗು ಅದರ ಅದುರನ್ನು, ನೆರಳನ್ನು, ಇತರರ ಮುಖದ ಬದಲಾವಣೆಯನ್ನು ಹಿಡಿದು ತಿರುಗಬಹುದು. ಭಾಗಶಃ ಶ್ರವಣದೋಷವಿರುವ ಮಗು ಬಾಗಿಲಿನ ಸದ್ದಿಗೆ ತಿರುಗುತ್ತದೆ, ‘ಸ’, ‘ಶ’ಗಳಂತಹ ತೆಳುವಾದ ದನಿಗಳು ಮಾತ್ರ ಅದಕ್ಕೆ ತಲುಪುವುದೇ ಇಲ್ಲ. ಕಿವಿಯೊಳಗಿನ ಪ್ರತಿಧ್ವನಿ ಅಳೆಯುವ ಓಎಇ, ನರದ ಸಂಕೇತ ಅಳೆಯುವ ಬೆರಾ ಪರೀಕ್ಷೆಗಳಿಗೆ ಮಗುವಿನ ಸಹಕಾರವೂ ಬೇಕಿಲ್ಲ, ನಿದ್ದೆಯಲ್ಲೇ ಮಾಡಬಹುದು. ನೋವಿಲ್ಲ. ಈ ತಿಂಗಳೇ ಮಾಡಿಸಿ.

ಅತ್ತೆಯವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಸರಾಸರಿ ಲೆಕ್ಕದಲ್ಲಿ ಹೆಣ್ಣು ಮಕ್ಕಳು ಒಂದೆರಡು ತಿಂಗಳು ಮುಂದಿರುತ್ತಾರೆ. ಆದರೆ ಆ ಅಂತರ ಅಷ್ಟೇ. ಗಂಡು ಮಗು ಎಂಬ ಕಾರಣಕ್ಕೆ ಎರಡು ವರ್ಷ, ಮೂರು ವರ್ಷ ಕಾದು ಬಂದವರನ್ನು ನೋಡಿ ನನಗೆ ಸಾಕಾಗಿದೆ. ಅವರಲ್ಲಿ ಹೆಚ್ಚಿನವರಿಗೆ ಕಾದದ್ದರಿಂದ ನಷ್ಟವಾಗಿರಲಿಲ್ಲ, ತಡವಾಗಿ ಮಾತು ಕಲಿಯುವ ಮಕ್ಕಳಲ್ಲಿ ಬಹುಪಾಲು ಶಾಲೆಯ ವಯಸ್ಸಿಗೆ ಸಮನಾಗಿಬಿಡುತ್ತಾರೆ. ತೊಂದರೆ ಏನೆಂದರೆ ಯಾವ ಮಗು ಸಮನಾಗುತ್ತದೆ, ಯಾವುದಕ್ಕೆ ನೆರವು ಬೇಕು ಎಂದು ಮನೆಯಲ್ಲಿ ಕೂತು ಹೇಳಲಾಗದು.

ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಎಣಿಸುವಾಗ ಎರಡೂ ಭಾಷೆಯ ಪದಗಳನ್ನು ಕೂಡಿಸಿ. ಒಂದನ್ನು ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಿಮಗೆ ಸಹಜವಾಗಿ ಬರುವ, ಮುದ್ದು ಮಾಡಲು ಬೈಯಲು ಒದಗುವ ಭಾಷೆಯಲ್ಲೇ ಅವನೊಡನೆ ಮಾತನಾಡಿ. ನಾಲಿಗೆಯ ಕೆಳಗಿನ ತಂತು ಬಿಗಿಯಾಗಿದೆ, ಅದನ್ನು ಕತ್ತರಿಸಿದರೆ ಮಾತು ಬರುತ್ತದೆ ಎಂದೂ ಯಾರಾದರೂ ಹೇಳಿಯಾರು. ತೀರಾ ಬಿಗಿಯಾದ ತಂತು ಹಾಲು ಹೀರುವುದಕ್ಕೆ, ಆಮೇಲೆ ಕೆಲವು ಅಕ್ಷರಗಳ ಸ್ಪಷ್ಟತೆಗೆ ಅಡ್ಡಿಯಾಗಬಹುದು. ಪದಗಳೇ ಹುಟ್ಟದಂತೆ ಅದು ಮಾಡುವುದಿಲ್ಲ.

ಮೊಬೈಲ್ ವಿಷಯದಲ್ಲಿ ನಿಮ್ಮನ್ನು ಬೈಯುವವರು ಸುತ್ತಲೂ ಇರುತ್ತಾರೆ, ಆ ಸಾಲಿಗೆ ನಾನು ಸೇರುವುದಿಲ್ಲ. ಉಣಿಸುವ ಕಷ್ಟ ಉಣಿಸುವವರಿಗೇ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಒಂದು ವರ್ಷದ ಮಕ್ಕಳಿಗೆ ಪರದೆಯನ್ನು ಶಿಫಾರಸು ಮಾಡುವುದಿಲ್ಲ, ಎರಡು ವರ್ಷದ ಮೇಲೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎನ್ನುತ್ತದೆ. ಪರದೆ ಮಾತನಾಡುತ್ತದೆ, ಆದರೆ ಮಗುವಿನ ಉತ್ತರಕ್ಕೆ ಕಾಯುವುದಿಲ್ಲ. ಅವನು ‘ಇದಿ?’ ಎಂದರೂ ಹಾಡು ಓಡುತ್ತಲೇ ಇರುತ್ತದೆ. ಅಜ್ಜಿಯ ಜೊತೆ ವಿಡಿಯೊ ಕರೆ ಇದಕ್ಕೆ ಅಪವಾದ, ಅಲ್ಲಿ ಆಚೆಯಿಂದ ಉತ್ತರ ಬರುತ್ತದೆ. ಒಮ್ಮೆಲೇ ಎಲ್ಲ ಬಿಡಲಾಗದಿದ್ದರೆ ದಿನದ ಒಂದು ಊಟದಿಂದ ಆರಂಭಿಸಿ. ಮೊದಲ ನಾಲ್ಕೈದು ದಿನ ರಂಪವಾಗುತ್ತದೆ.

ದಿನನಿತ್ಯ ಏನು ಮಾಡಬೇಕು? ಪಾಠ ಬೇಡ. ಚಿತ್ರದ ಹಾಳೆ ಹಿಡಿದು ‘ಇದೇನು? ಹೇಳು ನೋಡೋಣ’ ಎಂದು ಪರೀಕ್ಷೆ ನಡೆಸುವುದರಿಂದ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ನಿಮಗೆ ಕಲಿಸಬೇಕೆನಿಸಿದ್ದನ್ನು ಬಿಟ್ಟು, ಅವನ ಕಣ್ಣು ಆ ಕ್ಷಣ ಎಲ್ಲಿದೆಯೋ ಅದರ ಹೆಸರು ಹೇಳಿ. ಅವನು ಹೇಳಿದ್ದಕ್ಕೆ ಒಂದೇ ಪದ ಕೂಡಿಸಿ ಹಿಂದಿರುಗಿಸಿ: ‘ಬಾ’ ಎಂದರೆ ‘ಅಪ್ಪ ಬಾ’, ‘ತಾ’ ಎಂದರೆ ‘ಚೆಂಡು ತಾ’. ಆಮೇಲೆ ಕಾಯಿರಿ. ನಮಗೆ ಅತ್ಯಂತ ಕಷ್ಟವಾಗುವುದು ಇದೇ. ಮನಸ್ಸಿನಲ್ಲಿ ಒಂದರಿಂದ ಹತ್ತರವರೆಗೆ ಎಣಿಸಿ, ಅಷ್ಟು ಹೊತ್ತು ಅವನ ಮುಖ ನೋಡುತ್ತಾ ಸುಮ್ಮನಿರಿ. ಎಷ್ಟೋ ಮಕ್ಕಳ ಉತ್ತರ ಏಳನೆಯ ಎಣಿಕೆಗೆ ಬರುತ್ತದೆ, ನಾವು ಮೂರಕ್ಕೇ ನಮ್ಮ ಮುಂದಿನ ಮಾತು ಶುರುಮಾಡಿರುತ್ತೇವೆ. ‘ಲೋಟ ಬೇಕಾ?’ ಎಂಬುದಕ್ಕೆ ತಲೆಯಾಡಿಸಿದರೆ ಮುಗಿಯಿತು. ‘ಹಾಲು ಬೇಕಾ, ನೀರು ಬೇಕಾ?’ ಎಂಬುದಕ್ಕೆ ಅವನು ಬಾಯಿ ತೆರೆಯಬೇಕಾಗುತ್ತದೆ. ತೆರೆಯದಿದ್ದರೂ ಕೊಟ್ಟುಬಿಡಿ, ಮಾತನಾಡಿಸಲು ಮಗುವನ್ನು ಬಾಯಾರಿಸುವುದು ಸಲ್ಲದು.

ಮುಂದಿನ ತಿಂಗಳುಗಳಲ್ಲಿ ಒಂದು ಸಣ್ಣ ಸ್ವಾರಸ್ಯವನ್ನು ಗಮನಿಸಿ. ಇಂಗ್ಲಿಷಿನ ಮಗು ಒಂದೇ ‘ನೋ’ದಿಂದ ಮೂರು ಕೆಲಸ ತೆಗೆಯುತ್ತದೆ. ನಮ್ಮ ಮಕ್ಕಳಿಗೆ ಮೂರಕ್ಕೂ ಬೇರೆ ಬೇರೆ ಪದ ಕಲಿಯುವ ಭಾಗ್ಯ: ತಿರಸ್ಕರಿಸಲು ‘ಬೇಡ’, ವಸ್ತು ಕಾಣದಿದ್ದಾಗ ‘ಇಲ್ಲ’, ನೀವು ಹೇಳಿದ್ದು ತಪ್ಪು ಎನ್ನಲು ‘ಅಲ್ಲ’. ಈ ಮೂರರಲ್ಲಿ ‘ಅಲ್ಲ’ದ ಅರ್ಥ ತಡವಾಗಿ ಪಕ್ವವಾಗುತ್ತದೆ. ನೀವು ಬೇಕೆಂದೇ ಚೆಂಡನ್ನು ‘ಚಪ್ಪಲಿ’ ಎಂದಾಗ ಅವನು ಹುಬ್ಬು ಗಂಟಿಕ್ಕಿ ‘ಅಲ್ಲ’ ಎಂದ ದಿನ ನನಗೂ ಒಂದು ಪತ್ರ ಬರೆಯಿರಿ. ಆ ಹೊತ್ತಿಗೆ ‘ಕಾಗೆ’ ‘ತಾದೆ’ಯಾಗಿರುತ್ತದೆ, ‘ಮರ’ ‘ಮಲ’ವಾಗಿರುತ್ತದೆ, ನೆಂಟರ ಮುಂದೆ ಮುಜುಗರವಾಗುತ್ತದೆ. ಎರಡು ವರ್ಷಕ್ಕೆ ಹೊರಗಿನವರಿಗೆ ಮಗುವಿನ ಮಾತು ಅರ್ಧದಷ್ಟು ತಿಳಿದರೆ ಸಾಕು, ಉಚ್ಚಾರಣೆ ತಿದ್ದುವ ಅವಸರ ಬೇಡ.

ಇನ್ನು ದಿನಾಂಕ ಗೊತ್ತುಮಾಡಿಕೊಳ್ಳಿ. 18 ತಿಂಗಳ ತಪಾಸಣೆಯನ್ನು ತಪ್ಪಿಸಬೇಡಿ. ಆಗ ಸ್ವಲೀನತೆಯ (ಆಟಿಸಂ) ಪ್ರಾಥಮಿಕ ಪ್ರಶ್ನಾವಳಿಯನ್ನೂ ಕೇಳುತ್ತಾರೆ, ಅದು ಎಲ್ಲ ಮಕ್ಕಳಿಗೂ ಕೇಳುವಂಥದ್ದು, ಗಾಬರಿಯಾಗಬೇಡಿ. ಮಗು ಅವಧಿಗೆ ಮುಂಚೆ ಹುಟ್ಟಿದ್ದರೆ ಅಷ್ಟು ವಾರ ಕಳೆದು ವಯಸ್ಸು ಲೆಕ್ಕಹಾಕಿ, ಎರಡು ವರ್ಷದವರೆಗೆ ಅದೇ ಕ್ರಮ. ಹೆಸರಿಗೆ ತಿರುಗದಿದ್ದರೆ, ಸನ್ನೆಯಿಲ್ಲದ ಮಾತು ತಿಳಿಯದಿದ್ದರೆ, ಕಂಡದ್ದನ್ನು ತೋರಿಸಿ ನಿಮ್ಮ ಮುಖ ನೋಡದಿದ್ದರೆ 18 ತಿಂಗಳವರೆಗೂ ಕಾಯದೆ ಹೋಗಿ. ಇವೆಲ್ಲ ಸರಿಯಿದ್ದು ಪದಗಳು ಮಾತ್ರ 20 ತಿಂಗಳಿಗೂ ಹತ್ತರ ಆಸುಪಾಸಿನಲ್ಲೇ ನಿಂತಿದ್ದರೆ ಮಾತಿನ ತಜ್ಞರನ್ನು ಒಮ್ಮೆ ನೋಡಿ. ಈ ವಯಸ್ಸಿನಲ್ಲಿ ಚಿಕಿತ್ಸೆ ಎಂದರೆ ಹೆಚ್ಚಾಗಿ ಆಟವೇ, ಅದರಲ್ಲೂ ತಂದೆತಾಯಿಗೆ ಹೇಳಿಕೊಡುವುದೇ ಮುಕ್ಕಾಲು ಪಾಲು.

ಹೋಗುವಾಗ ಒಂದು ಚೀಟಿ ಒಯ್ಯಿರಿ: ಪದ, ಅದರ ಅರ್ಥ, ಮೊದಲು ಕೇಳಿಸಿದ ದಿನ. ಜೊತೆಗೆ ಮನೆಯಲ್ಲಿ ಅವನು ತನ್ನಷ್ಟಕ್ಕೆ ಆಡುತ್ತಿರುವಾಗ ತೆಗೆದ ಎರಡು ನಿಮಿಷದ ವಿಡಿಯೊ. ಅಪರಿಚಿತ ಕೋಣೆಯಲ್ಲಿ, ಬಿಳಿ ಕೋಟಿನವರ ಎದುರು, ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ ಮಕ್ಕಳೂ ತುಟಿ ಬಿಚ್ಚುವುದಿಲ್ಲ. ನಿಮ್ಮ ಮಗನ ‘ಇದಿ?’ ನನ್ನಂಥವರಿಗೆ ಕೇಳಿಸುವುದು ಆ ವಿಡಿಯೊದಲ್ಲೇ.